ಕಾನ್_0001 ಅಂದರೆ ನಿಜಕ್ಕೂ ಏನು? ಮಿದುಳಿನ ಸ್ಕ್ಯಾನ್ ಲೆಕ್ಕದಲ್ಲಿ ಫೈಲ್ ಹೆಸರುಗಳ ಗೋಜಲು

ಪ್ರಶ್ನೆ: ನಾನು ಓದು ಮತ್ತು ಮಿದುಳಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. 32 ಜನರಿಗೆ ಎಂಆರ್‌ಐ ಯಂತ್ರದೊಳಗೆ ಕನ್ನಡ ಪದ, ಅರ್ಥವಿಲ್ಲದ ಪೊಳ್ಳುಪದ, ಚಿತ್ರ ಹೀಗೆ ಮೂರು ಬಗೆ ತೋರಿಸಿ ಎಫ್‌ಎಂಆರ್‌ಐ (ಕೆಲಸ ಮಾಡುತ್ತಿರುವ ಮಿದುಳಿನ ಸ್ಕ್ಯಾನ್) ತೆಗೆದಿದ್ದೇವೆ. ಒಬ್ಬೊಬ್ಬರಿಗೂ ಎರಡು ರನ್, ಅಂದರೆ ಸ್ಕ್ಯಾನಿನ ಎರಡು ಸುತ್ತು. ತಪ್ಪು ಉತ್ತರ ಬಂದ ಸರದಿಗಳನ್ನು ನಾಲ್ಕನೇ ಬಗೆ, ಅಂದರೆ ಕಂಡೀಷನ್ ಆಗಿ ಬೇರೆ ಇಟ್ಟಿದ್ದೇನೆ. ಎಸ್‌ಪಿಎಂ ಅನ್ನುವ ಸ್ಕ್ಯಾನ್ ಲೆಕ್ಕದ ಪ್ರೋಗ್ರಾಮಿನಲ್ಲಿ ಲೆಕ್ಕ ಮುಗಿದ ಮೇಲೆ ಫೋಲ್ಡರ್ ತುಂಬ ಬೀಟಾ_0001, ಕಾನ್_0001, ಎಸ್‌ಪಿಎಂಟಿ_0001 ಅನ್ನುವ ಫೈಲ್‌ಗಳಿವೆ. ಕಾನ್_0004 ಮಾತ್ರ ಕಾಣುತ್ತಲೇ ಇಲ್ಲ. ಗುಂಪಿನ ಲೆಕ್ಕಕ್ಕೆ ಯಾವುದನ್ನು ಒಯ್ಯಬೇಕು? ಎಫ್‌ಎಸ್‌ಎಲ್ ಅನ್ನುವ ಇನ್ನೊಂದು ಪ್ರೋಗ್ರಾಮಿನಲ್ಲೂ ಮಾಡಿ ನೋಡು ಅಂತ ಗೈಡ್ ಹೇಳಿದ್ದಾರೆ. ಅಲ್ಲಿ ಕೋಪ್, ವಾರ್‌ಕೋಪ್, ಜೆಡ್‌ಸ್ಟಾಟ್ ಅಂತ ಬೇರೆಯೇ ಹೆಸರುಗಳು. ನಾನೇ ಎಲ್ಲಕ್ಕೂ ಅರ್ಥವಾಗುವ ಹೆಸರು ಇಟ್ಟುಬಿಡಲಾ? ಇನ್ನೊಂದು ಸಣ್ಣ ವಿಷಯ: ನಾಲ್ಕು ಜನ ಒಂದು ರನ್ನಿನಲ್ಲಿ ಒಂದೂ ತಪ್ಪು ಮಾಡಿಲ್ಲ. ಅವರ ಫೋಲ್ಡರಿನಲ್ಲಿ ಬೀಟಾ ಫೈಲ್‌ಗಳು 22ರ ಬದಲು 21 ಇವೆ. ಇದರಿಂದ ತೊಂದರೆ ಇದೆಯಾ?

ಉತ್ತರ: ನೀವು ಕೊನೆಗೆ ಸಣ್ಣ ವಿಷಯ ಅಂತ ಬರೆದಿದ್ದೀರಲ್ಲ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಆ ನಾಲ್ಕು ಜನರ ಫೈಲ್‌ಗಳನ್ನು ನೋಡದೆ ಗುಂಪಿನ ಲೆಕ್ಕಕ್ಕೆ ಹೋಗಬೇಡಿ. ಯಾಕೆ ಅಂತ ಹೇಳುವುದಕ್ಕೆ ಮೊದಲು ಈ ಹೆಸರುಗಳು ಹೇಗೆ ಹುಟ್ಟುತ್ತವೆ ಅನ್ನುವುದನ್ನು ನೋಡಬೇಕು. ಫೈಲ್ ಹೆಸರುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ನಿಮ್ಮ ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ, ಗುರುತು ಹಿಡಿಯುವುದು ಕಷ್ಟವಲ್ಲ.

ಎಸ್‌ಪಿಎಂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನದು. ಕಾರ್ಲ್ ಫ್ರಿಸ್ಟನ್ ಅದರ ಮೊದಲ ರೂಪವನ್ನು 1991ರಲ್ಲಿ ಹೊರತಂದರು. ಎಫ್‌ಎಸ್‌ಎಲ್ ಆಕ್ಸ್‌ಫರ್ಡಿನದು, 2000ದಲ್ಲಿ ಬಂತು. ಮಿದುಳಿನ ತೊಗಟೆಯ ದಪ್ಪ ಅಳೆಯುವ ಫ್ರೀಸರ್ಫರ್ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನ ಕಡೆಯಿಂದ ಬಂದದ್ದು. ಮೂರೂ ಮನೆಗಳಲ್ಲಿ ಮೂರು ಬಗೆಯ ರೂಢಿ ಬೆಳೆಯಿತು. ಒಬ್ಬರ ಹೆಸರನ್ನು ಇನ್ನೊಬ್ಬರ ರೂಢಿಯಲ್ಲಿ ಓದಲು ಹೋದಾಗಲೇ ಗೊಂದಲ ಶುರುವಾಗುತ್ತದೆ.

ಡಿಸೈನ್ ಮ್ಯಾಟ್ರಿಕ್ಸ್ ಅಂದರೆ ಯಾವಾಗ ಏನು ನಡೆಯಿತು ಅಂತ ಹೇಳುವ ಕೋಷ್ಟಕ, ಒಂದೊಂದು ವಿಷಯಕ್ಕೆ ಒಂದು ಕಾಲಂ. ಆ ಕಾಲಮ್ಮಿಗೆ ಮಿದುಳು ಎಷ್ಟು ಸ್ಪಂದಿಸಿತು ಅನ್ನುವುದು ಬೀಟಾ. ಎಸ್‌ಪಿಎಂನಲ್ಲಿ ಬೀಟಾ ಫೈಲಿನ ಅಂಕೆ ಆ ಕಾಲಂ ಅಂಕೆ. ಅಷ್ಟೇ. ಬೀಟಾ_0003 ಅಂದರೆ ಮೂರನೇ ಕಾಲಂ. ಆ ಕಾಲಮ್ಮಿನಲ್ಲಿ ಚಿತ್ರ ಇದೆಯೋ, ತಲೆ ಅಲುಗಿದ ಲೆಕ್ಕ ಇದೆಯೋ ಅನ್ನುವುದು ಹೆಸರಿಗೆ ಗೊತ್ತಿಲ್ಲ. ಕಾನ್ ಫೈಲಿನ ಅಂಕೆ ನೀವು ಕಾಂಟ್ರಾಸ್ಟ್‌ಗಳನ್ನು, ಅಂದರೆ ಯಾವುದರಿಂದ ಯಾವುದನ್ನು ಕಳೆಯಬೇಕು ಅನ್ನುವ ಸಾಲುಗಳನ್ನು, ಬರೆದ ಸರದಿ. ಮೊದಲು ಬರೆದದ್ದು 0001, ಆಮೇಲಿನದು 0002. ಹೆಸರಿನಲ್ಲಿರುವುದು ಜಾಗದ ಸುಳಿವು ಮಾತ್ರ. ಬಸ್ಸಿನ ಸೀಟ್ ನಂಬರ್ ಇದ್ದ ಹಾಗೆ. 11ನೇ ಸೀಟಿನಲ್ಲಿ ಯಾರು ಕೂತಿದ್ದಾರೆ ಅಂತ ತಿಳಿಯಬೇಕಾದರೆ ಹೋಗಿ ಮುಖ ನೋಡಲೇಬೇಕು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಒಂದು ರನ್ನಿಗೆ ನಾಲ್ಕು ಕಂಡೀಷನ್: ಪದ, ಪೊಳ್ಳುಪದ, ಚಿತ್ರ, ತಪ್ಪು. ಜೊತೆಗೆ ತಲೆಯ ಅಲುಗಾಟದ ಆರು ಕಾಲಂ. ಅಲ್ಲಿಗೆ ಹತ್ತು. ಎರಡನೇ ರನ್ನಿಗೂ ಹತ್ತು. ಕೊನೆಗೆ ರನ್ನಿಗೆ ಒಂದರಂತೆ ಎರಡು ಸ್ಥಿರ ಕಾಲಂ. ಒಟ್ಟು 22. ನೀವು ಹೇಳಿದ ಸಂಖ್ಯೆಗೆ ಸರಿಯಾಗಿ ಹೊಂದುತ್ತದೆ. ಅಂದರೆ ಮೊದಲ ರನ್ನಿನ ಪದ 1ನೇ ಕಾಲಂ, ಚಿತ್ರ 3ನೇದು. ಎರಡನೇ ರನ್ನಿನ ಪದ 11ನೇದು, ಚಿತ್ರ 13ನೇದು. ಪದದಿಂದ ಚಿತ್ರ ಕಳೆಯುವ ಕಾಂಟ್ರಾಸ್ಟಿಗೆ ನೀವು 1 ಮತ್ತು 11ಕ್ಕೆ ಒಂದು, 3 ಮತ್ತು 13ಕ್ಕೆ ಮೈನಸ್ ಒಂದು, ಉಳಿದದ್ದಕ್ಕೆ ಸೊನ್ನೆ ಕೊಟ್ಟಿರುತ್ತೀರಿ. ಅದನ್ನು ಸ್ಕ್ರಿಪ್ಟಿನಲ್ಲಿ ಹಾಕಿ 32 ಜನರಿಗೂ ಓಡಿಸಿರುತ್ತೀರಿ, ಅಲ್ವಾ?

ಮೊದಲ ರನ್ನಿನಲ್ಲಿ ಒಂದೂ ತಪ್ಪು ಮಾಡದ ಒಬ್ಬರನ್ನು ತೆಗೆದುಕೊಳ್ಳಿ. ತಪ್ಪು ಅನ್ನುವ ಕಾಲಮ್ಮಿಗೆ ಹಾಕಲು ಏನೂ ಇಲ್ಲ, ಹಾಗಾಗಿ ಆ ಕಾಲಂ ಬಿಟ್ಟೇ ಮಾಡೆಲ್ ಕಟ್ಟಿದ್ದೀರಿ. ಮೊದಲ ರನ್ನಿಗೆ ಈಗ ಒಂಬತ್ತೇ ಕಾಲಂ. ಎರಡನೇ ರನ್ನಿನ ಎಲ್ಲವೂ ಒಂದು ಹೆಜ್ಜೆ ಎಡಕ್ಕೆ ಸರಿದವು. ಪದ 10ಕ್ಕೆ ಬಂತು, ಪೊಳ್ಳುಪದ 11ಕ್ಕೆ, ಚಿತ್ರ 12ಕ್ಕೆ, ತಪ್ಪು 13ಕ್ಕೆ. ನಿಮ್ಮ ಕಾಂಟ್ರಾಸ್ಟ್ ಮಾತ್ರ ಈಗಲೂ 11ರಿಂದ 13ನ್ನು ಕಳೆಯುತ್ತಿದೆ. ಮೊದಲ ರನ್ನಿನಲ್ಲಿ ಪದದಿಂದ ಚಿತ್ರ ಕಳೆದದ್ದು ಸರಿಯಾಗಿದೆ. ಎರಡನೇ ರನ್ನಿನಲ್ಲಿ ಪೊಳ್ಳುಪದದಿಂದ ತಪ್ಪು ಉತ್ತರವನ್ನು ಕಳೆದಿದೆ. ಎರಡನ್ನೂ ಕೂಡಿಸಿ ಎಸ್‌ಪಿಎಂ ಒಂದು ಫೈಲ್ ಬರೆದಿದೆ. ಅದರ ಹೆಸರು ಕಾನ್_0001.

ಎಸ್‌ಪಿಎಂ ಗದರಲೂ ಇಲ್ಲ, ಎಚ್ಚರಿಕೆ ಕೊಡಲೂ ಇಲ್ಲ. ಯಾಕೆಂದರೆ ನೀವು ಕೊಟ್ಟ ಸಾಲಿನಲ್ಲಿ 14 ಅಂಕೆಗಳಿದ್ದರೆ ಉಳಿದ ಕಾಲಂಗಳಿಗೆ ಅದು ತಾನೇ ಸೊನ್ನೆ ತುಂಬಿಕೊಳ್ಳುತ್ತದೆ. ಗಣಿತದ ಕಣ್ಣಿಗೆ ಅದು ತಪ್ಪಿಲ್ಲದ ಕಾಂಟ್ರಾಸ್ಟ್. ಚಿತ್ರ ತೆರೆದು ನೋಡಿದರೂ ಗೊತ್ತಾಗುವುದಿಲ್ಲ. ಅರ್ಧ ಸರಿ ಇರುವುದರಿಂದ ಓದುವ ಜಾಗಗಳಲ್ಲಿ ಸ್ವಲ್ಪ ಬಣ್ಣ ಬಂದೇ ಬರುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇಂಥ ತಪ್ಪುಗಳೇ. ಪ್ರೋಗ್ರಾಂ ನಿಂತುಹೋದರೆ ನಾವು ಸರಿಪಡಿಸುತ್ತೇವೆ. ಹೆಸರು ಸರಿಯಾಗಿದ್ದು ಒಳಗಿನದು ಬೇರೆಯಾದರೆ ಅದು ಹಾಗೇ ಪ್ರಬಂಧದೊಳಗೆ ಹೋಗಿ ಕೂರುತ್ತದೆ.

ಎರಡನೇ ರನ್ನಿನಲ್ಲಿ ತಪ್ಪು ಮಾಡದವರ ಕಥೆ ಬೇರೆ. ಅವರಲ್ಲಿ ಕಾಣೆಯಾಗುವುದು 14ನೇ ಕಾಲಂ. 11, 12, 13 ಜಾಗದಲ್ಲೇ ಇರುತ್ತವೆ. ಆಮೇಲಿನ ಅಲುಗಾಟದ ಕಾಲಂಗಳು ಸರಿಯುತ್ತವೆ, ಅದರಿಂದ ನಿಮ್ಮ ಕಾಂಟ್ರಾಸ್ಟಿಗೆ ಏನೂ ಆಗುವುದಿಲ್ಲ. ಹಾಗಾಗಿ ಆ ನಾಲ್ಕು ಜನರಲ್ಲಿ ಯಾರು ಯಾವ ರನ್ನಿನಲ್ಲಿ ತಪ್ಪಿಲ್ಲದೆ ಮುಗಿಸಿದರು ಅಂತ ಮೊದಲು ಪಟ್ಟಿ ಮಾಡಿ. ಎಸ್‌ಪಿಎಂನ ಬ್ಯಾಚಿನಲ್ಲಿ ಕಾಂಟ್ರಾಸ್ಟನ್ನು ಪ್ರತಿ ಸೆಷನ್ನಿಗೂ ಮತ್ತೆ ಹಾಕು ಅನ್ನುವ ಆಯ್ಕೆ ಇದೆ (ರನ್ನಿಗೆ ಎಸ್‌ಪಿಎಂ ಸೆಷನ್ ಅನ್ನುತ್ತದೆ). ಅದನ್ನು ಬಳಸಿದ್ದರೆ ಎಸ್‌ಪಿಎಂ ಆಯಾ ಸೆಷನ್ನಿನ ಮೊದಲ ಕಾಲಮ್ಮಿನಿಂದ ಎಣಿಸಿಕೊಳ್ಳುತ್ತದೆ. ನಿಮ್ಮಲ್ಲಿ ತಪ್ಪು ಅನ್ನುವುದು ಕೊನೆಯ ಕಂಡೀಷನ್ ಆದ್ದರಿಂದ ಆಗ ಬಚಾವ್. ಆದರೂ ಕಣ್ಣಾರೆ ನೋಡಿ.

ನೋಡುವುದು ಎಲ್ಲಿ? ಎಸ್‌ಪಿಎಂ.ಮ್ಯಾಟ್ ಅನ್ನುವ ಫೈಲನ್ನು ಮ್ಯಾಟ್‌ಲ್ಯಾಬಿನಲ್ಲಿ ತೆರೆಯಿರಿ. ಅದರೊಳಗೆ ಎಕ್ಸ್‌ಎಕ್ಸ್ ಅನ್ನುವ ಭಾಗ, ಅದರೊಳಗೆ ನೇಮ್ ಅನ್ನುವ ಪಟ್ಟಿ ಇರುತ್ತದೆ. ಪ್ರತಿ ಕಾಲಮ್ಮಿನ ಪೂರ್ತಿ ಹೆಸರು ಅಲ್ಲಿದೆ. ಎಸ್‌ಎನ್(1) ಪದ*ಬಿಎಫ್(1) ಅಂತ ಇದ್ದರೆ ಮೊದಲ ಸೆಷನ್ನಿನ ಪದ ಅಂತ ಅರ್ಥ. ಎಸ್‌ಎನ್(2) ಆರ್1 ಅಂದರೆ ಎರಡನೇ ಸೆಷನ್ನಿನ ಅಲುಗಾಟದ ಮೊದಲ ಕಾಲಂ. ಕಾಂಟ್ರಾಸ್ಟಿನ ಸಾಲನ್ನು ಕೈಯಲ್ಲಿ ಟೈಪ್ ಮಾಡುವ ಬದಲು ಈ ಪಟ್ಟಿಯಲ್ಲಿ ಹೆಸರು ಹುಡುಕಿ, ಸಿಕ್ಕ ಜಾಗದಲ್ಲಿ ಒಂದು ಅಥವಾ ಮೈನಸ್ ಒಂದು ಹಾಕುವ ಹಾಗೆ ಸ್ಕ್ರಿಪ್ಟ್ ಬರೆಯಿರಿ. ಹತ್ತು ಸಾಲಿನ ಕೆಲಸ. ಕಾಲಂ ಎಲ್ಲಿಗೆ ಸರಿದರೂ ಹೆಸರು ಅದರ ಜೊತೆಗೇ ಹೋಗುತ್ತದೆ.

ಇನ್ನು ನಿಮ್ಮ ಕಾಣೆಯಾದ ಕಾನ್_0004. ಅದು ಕಾಣೆಯಾಗಿಲ್ಲ. ನಿಮ್ಮ ನಾಲ್ಕನೇ ಕಾಂಟ್ರಾಸ್ಟ್ ಎಫ್ ಪರೀಕ್ಷೆ ಇರಬೇಕು. ಟಿ ಪರೀಕ್ಷೆ ಒಂದೇ ವ್ಯತ್ಯಾಸ ನೋಡುತ್ತದೆ, ಎಫ್ ಹಲವನ್ನು ಒಟ್ಟಿಗೆ ನೋಡಬಲ್ಲದು. ಟಿ ಕಾಂಟ್ರಾಸ್ಟಿಗೆ ಎಸ್‌ಪಿಎಂ ಕಾನ್ ಮತ್ತು ಎಸ್‌ಪಿಎಂಟಿ ಬರೆಯುತ್ತದೆ. ಎಫ್ ಕಾಂಟ್ರಾಸ್ಟಿಗೆ ಇಎಸ್‌ಎಸ್ ಮತ್ತು ಎಸ್‌ಪಿಎಂಎಫ್ ಬರೆಯುತ್ತದೆ. ಅಂಕೆಯ ಸಾಲು ಮಾತ್ರ ಎರಡಕ್ಕೂ ಒಂದೇ. ಆದ್ದರಿಂದ ಕಾನ್_0003 ಆದಮೇಲೆ ಇಎಸ್‌ಎಸ್_0004, ಆಮೇಲೆ ಕಾನ್_0005. ಫೋಲ್ಡರಿನಲ್ಲಿ ಇಎಸ್‌ಎಸ್_0004 ಹುಡುಕಿ, ಸಿಗುತ್ತದೆ. ಇದು ಗೊತ್ತಿಲ್ಲದೆ ಕಾನ್ ಫೈಲ್‌ಗಳನ್ನು ಸುಮ್ನೆ ಎಣಿಸಿ ನಾಲ್ಕನೇದು ಅಂತ ತೆಗೆದುಕೊಂಡರೆ ಐದನೇ ಕಾಂಟ್ರಾಸ್ಟ್ ಕೈಗೆ ಬರುತ್ತದೆ.

ಇದರ ಜೊತೆಗೆ ಇನ್ನೊಂದು. ಕಾಂಟ್ರಾಸ್ಟಿನ ಬ್ಯಾಚಿನಲ್ಲಿ ಹಳೆಯದನ್ನು ಅಳಿಸಬೇಕಾ ಅಂತ ಕೇಳುತ್ತದೆ. ಬೇಡ ಅಂತ ಹೇಳಿ ಅದೇ ಸ್ಕ್ರಿಪ್ಟನ್ನು ಎರಡನೇ ಸಲ ಓಡಿಸಿದರೆ ಹೊಸ ಕಾಂಟ್ರಾಸ್ಟ್‌ಗಳು ಹಳೆಯವುಗಳ ಹಿಂದೆ ಸೇರುತ್ತವೆ. ಐದಿದ್ದವು ಹತ್ತಾಗುತ್ತವೆ. ನೀವು ತಿದ್ದಿದ ಕಾಂಟ್ರಾಸ್ಟ್ 0006ಕ್ಕೆ ಹೋಗಿರುತ್ತದೆ, ಕಾನ್_0001 ಹಳೆಯ ತಪ್ಪನ್ನೇ ಹೊತ್ತು ಕೂತಿರುತ್ತದೆ. ಈ ನಾಲ್ಕು ಜನರನ್ನು ಸರಿಪಡಿಸುವಾಗ ನೀವು ಇದೇ ಹಳ್ಳಕ್ಕೆ ಬೀಳುವ ಸಾಧ್ಯತೆ ಜಾಸ್ತಿ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಗುಂಪಿನ ಲೆಕ್ಕಕ್ಕೆ ಹೋಗಬೇಕಾದದ್ದು ಕಾನ್. ಎಸ್‌ಪಿಎಂಟಿ ಅಲ್ಲ. ಕಾನ್‌ನಲ್ಲಿರುವುದು ಒಬ್ಬ ವ್ಯಕ್ತಿಯಲ್ಲಿ ಪದಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸದ ಗಾತ್ರ. ಟಿ ಚಿತ್ರ ಅದೇ ಗಾತ್ರವನ್ನು ಆ ವ್ಯಕ್ತಿಯ ಅಳತೆಯಲ್ಲಿನ ಏರುಪೇರಿನಿಂದ (ಇದನ್ನೇ ಸದ್ದು ಅಂತ ಕರೆಯುತ್ತಾರೆ) ಭಾಗಿಸಿದ್ದು. ಒಬ್ಬರು ಅಲುಗಾಡದೆ ಮಲಗಿದ್ದರು, ಇನ್ನೊಬ್ಬರು ಕೆಮ್ಮುತ್ತಿದ್ದರು ಅಂದುಕೊಳ್ಳಿ. ಇಬ್ಬರ ಮಿದುಳಿನ ಪ್ರತಿಕ್ರಿಯೆ ಒಂದೇ ಇದ್ದರೂ ಟಿ ಬೇರೆ ಬೇರೆ ಬರುತ್ತದೆ. ಗುಂಪಿನಲ್ಲಿ ನಿಮಗೆ ಬೇಕಾದದ್ದು ಓದಿನ ವ್ಯತ್ಯಾಸ, ಕೆಮ್ಮಿನ ವ್ಯತ್ಯಾಸ ಅಲ್ಲ. ಉಳಿದ ಫೈಲ್‌ಗಳಲ್ಲಿ ರೆಸ್‌ಎಂಎಸ್ ಅಂದರೆ ಮಾಡೆಲ್ ವಿವರಿಸಲಾಗದೆ ಉಳಿದ ಸದ್ದು. ಮಾಸ್ಕ್ ಅಂದರೆ ಲೆಕ್ಕ ನಡೆದ ಜಾಗ. ಮಾಸ್ಕನ್ನು ಪ್ರತಿಯೊಬ್ಬರದ್ದೂ ತೆರೆದು ನೋಡಿ. ಕಿವಿಯ ಪಕ್ಕದ ಟೆಂಪೊರಲ್ ಭಾಗದ ತುದಿ ಕತ್ತರಿಸಿ ಹೋಗಿರುವುದು ಬಹಳ ಸಲ ಅಲ್ಲೇ ಗೊತ್ತಾಗುವುದು. ಭಾಷೆಯ ಅಧ್ಯಯನಕ್ಕೆ ಆ ಜಾಗ ಮುಖ್ಯ.

ಎಫ್‌ಎಸ್‌ಎಲ್‌ನಲ್ಲಿ ಕಾನ್‌ಗೆ ಸಮಾನವಾದದ್ದು ಕೋಪ್. ಬೀಟಾಗೆ ಸಮಾನವಾದದ್ದು ಪಿಇ. ವಾರ್‌ಕೋಪ್ ಅಂದರೆ ಕೋಪ್ ಎಷ್ಟು ನಂಬಬಹುದು ಅನ್ನುವ ಅಳತೆ. ಎಫ್‌ಎಸ್‌ಎಲ್‌ನ ಗುಂಪಿನ ಲೆಕ್ಕ ಈ ಎರಡನ್ನೂ ತೆಗೆದುಕೊಳ್ಳುತ್ತದೆ, ಎಸ್‌ಪಿಎಂನ ಸಾಮಾನ್ಯ ಗುಂಪಿನ ಲೆಕ್ಕ ಕಾನ್ ಒಂದನ್ನೇ ತೆಗೆದುಕೊಳ್ಳುತ್ತದೆ. ಎರಡರ ಉತ್ತರ ಅಕ್ಷರಶಃ ಒಂದೇ ಬರದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಪಿಇಯ ಅಂಕೆಯನ್ನು ಬೀಟಾದ ಅಂಕೆಗೆ ಹೊಂದಿಸಲು ಹೋಗಬೇಡಿ. ಎಫ್‌ಎಸ್‌ಎಲ್‌ನಲ್ಲಿ ಈ ಲೆಕ್ಕ ಮಾಡುವ ಫೀಟ್ ಪ್ರತಿ ಕಂಡೀಷನ್ನಿನ ಜೊತೆ ಕಾಲದ ಡೆರಿವೇಟಿವ್ (ಪ್ರತಿಕ್ರಿಯೆ ತುಸು ಮುಂಚೆ ಅಥವಾ ತಡವಾಗಿ ಬಂದರೆ ಹಿಡಿಯುವುದು) ಅಂತ ಇನ್ನೊಂದು ಕಾಲಂ ಸೇರಿಸುವುದು ರೂಢಿ. ಆಗ ಪಿಇ1 ಪದ, ಪಿಇ2 ಅದರ ಡೆರಿವೇಟಿವ್, ಪಿಇ3 ಪೊಳ್ಳುಪದ, ಪಿಇ5 ಚಿತ್ರ. ಪಿಇ3 ಅಂದರೆ ಮೂರನೇ ಕಂಡೀಷನ್ ಅಂತ ತಿಳಿದು ಚಿತ್ರದ ಬದಲು ಪೊಳ್ಳುಪದದ ಅಂಕಿ ಅಂಶ ತೆಗೆದವರನ್ನು ನಾನು ಕಂಡಿದ್ದೇನೆ. ತಪ್ಪೇ ಮಾಡದವರ ವಿಷಯದಲ್ಲಿ ಮಾತ್ರ ಫೀಟ್ ಒಳ್ಳೆಯ ದಾರಿ ಇಟ್ಟಿದೆ. ಖಾಲಿ, ಎಲ್ಲ ಸೊನ್ನೆ ಅನ್ನುವ ಆಯ್ಕೆ ಕೊಟ್ಟರೆ ಕಾಲಂ ಜಾಗದಲ್ಲೇ ಇರುತ್ತದೆ, ಅಂಕೆ ಸರಿಯುವುದಿಲ್ಲ.

ಎಫ್‌ಎಸ್‌ಎಲ್‌ನಲ್ಲಿ ನಿಜವಾದ ಗೋಜಲು ಇರುವುದು ಫೋಲ್ಡರ್ ಹೆಸರುಗಳಲ್ಲಿ. ಒಬ್ಬರ ಒಂದು ರನ್ನಿಗೆ .ಫೀಟ್ ಅನ್ನುವ ಫೋಲ್ಡರ್. ಎರಡು ರನ್ ಸೇರಿಸಿದಾಗ .ಜಿಫೀಟ್. ಅದರೊಳಗೆ ಕೋಪ್1.ಫೀಟ್, ಕೋಪ್2.ಫೀಟ್, ಕೋಪ್3.ಫೀಟ್. ಇಲ್ಲಿ ಫೋಲ್ಡರಿನ ಅಂಕೆ ಕೆಳಗಿನ ಹಂತದ ಕಾಂಟ್ರಾಸ್ಟ್. ಅದರೊಳಗಿನ ಸ್ಟ್ಯಾಟ್ಸ್ ಫೋಲ್ಡರಿನಲ್ಲಿರುವ ಕೋಪ್1 ಈ ಹಂತದ ಕಾಂಟ್ರಾಸ್ಟ್. ಅಂದರೆ ಒಂದೇ ದಾರಿಯಲ್ಲಿ ಎರಡು ಅಂಕೆ, ಎರಡಕ್ಕೂ ಬೇರೆ ಅರ್ಥ. ಸರಿ, ಈಗ 32 ಜನರ ಕೋಪ್3.ಫೀಟ್‌ಗಳನ್ನು ಸೇರಿಸಿ ಮೂರನೇ ಹಂತಕ್ಕೆ ಹೋದಿರಿ ಅಂದುಕೊಳ್ಳಿ. ಹೊಸ ಜಿಫೀಟ್ ಫೋಲ್ಡರಿನೊಳಗೆ ಏನಿರುತ್ತದೆ? ಕೋಪ್1.ಫೀಟ್! ಮೂರು ಅನ್ನುವುದು ಮಾಯವಾಯಿತು. ಫೀಟ್‌ಗೆ ಈಗ ಒಬ್ಬೊಬ್ಬರಿಂದ ಬಂದದ್ದು ಒಂದೇ ಕೋಪ್, ಅದಕ್ಕೆ ಅದು ಒಂದನೇದು. ಎರಡನೇ ಕಾಂಟ್ರಾಸ್ಟಿನ ಗುಂಪಿನ ಫೋಲ್ಡರಿನಲ್ಲೂ ಕೋಪ್1.ಫೀಟ್, ಐದನೇದರಲ್ಲೂ ಕೋಪ್1.ಫೀಟ್. ಆದ್ದರಿಂದ ಗುಂಪಿನ ಜಿಫೀಟ್ ಫೋಲ್ಡರಿಗೆ ನೀವು ಕೊಡುವ ಹೆಸರಿನಲ್ಲೇ ಕಾಂಟ್ರಾಸ್ಟ್ ಇರಬೇಕು: ಗುಂಪು_ಪದಮೈನಸ್‌ಚಿತ್ರ. ಅದೊಂದನ್ನು ಬಿಟ್ಟರೆ ಬೇರೆ ಗುರುತು ಆ ದಾರಿಯಲ್ಲಿ ಉಳಿಯುವುದಿಲ್ಲ. ಎಸ್‌ಪಿಎಂನಲ್ಲೂ ಹೀಗೇ. ಗುಂಪಿನ ಫೋಲ್ಡರ್ ಯಾವುದೇ ಇರಲಿ, ಒಳಗೆ ಬೀಟಾ_0001, ಕಾನ್_0001, ಎಸ್‌ಪಿಎಂಟಿ_0001 ಇದ್ದೇ ಇರುತ್ತವೆ.

ಫೀಟ್ ಫೋಲ್ಡರಿನ ಪ್ಲಸ್ ಗುರುತಿನ ಬಗ್ಗೆಯೂ ಹೇಳಲೇಬೇಕು. ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ಫೀಟ್ ಅದನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ರನ್1+.ಫೀಟ್ ಅಂತ ಹೊಸದು ಮಾಡುತ್ತದೆ. ಮೂರನೇ ಸಲಕ್ಕೆ ರನ್1++.ಫೀಟ್. ನಾನು ವಿದ್ಯಾರ್ಥಿಯಾಗಿದ್ದಾಗ ಇಬ್ಬರ ಸಮಯದ ಪಟ್ಟಿಯಲ್ಲಿ ತಪ್ಪು ಸಿಕ್ಕಿತು. ಪಟ್ಟಿ ತಿದ್ದಿದೆ, ಮತ್ತೆ ಓಡಿಸಿದೆ. ಗುಂಪಿನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಕಾಣಲಿಲ್ಲ. ಇಬ್ಬರಿಂದ ಏನು ಬದಲಾದೀತು ಅಂದುಕೊಂಡು ಸುಮ್ಮನಾದೆ. ತಿಂಗಳುಗಳ ನಂತರ ಫೋಲ್ಡರ್ ಪಟ್ಟಿ ತೆಗೆದಾಗ ಎರಡು ಪ್ಲಸ್ ಗುರುತು ಕಂಡವು. ತಿದ್ದಿದ ಲೆಕ್ಕ ಅವುಗಳಲ್ಲಿತ್ತು, ಗುಂಪಿನ ಸ್ಕ್ರಿಪ್ಟ್ ಪ್ಲಸ್ ಇಲ್ಲದ ಹಳೆಯದನ್ನೇ ಓದುತ್ತಿತ್ತು. ಅಷ್ಟು ಹೊತ್ತಿಗೆ ಚಿತ್ರಗಳನ್ನು ಇಬ್ಬರಿಗೆ ಕಳಿಸಿಯಾಗಿತ್ತು. ಕರೆದು ಹೇಳಿ ವಾಪಸ್ ತೆಗೆದುಕೊಂಡೆ. ಅಂದಿನಿಂದ ಗುಂಪಿನ ಲೆಕ್ಕಕ್ಕೆ ಮೊದಲು ಪ್ಲಸ್ ಇರುವ ಫೋಲ್ಡರ್ ಇದೆಯಾ ಅಂತ ಹುಡುಕುವ ಒಂದು ಸಾಲು ನನ್ನ ಎಲ್ಲ ಸ್ಕ್ರಿಪ್ಟ್‌ಗಳಲ್ಲೂ ಇದೆ. ಸಿಕ್ಕರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಹೆಸರು ಬದಲಾಯಿಸಲಾ? ಪ್ರೋಗ್ರಾಂ ಬರೆದ ಫೋಲ್ಡರಿನೊಳಗೆ ಖಂಡಿತ ಬೇಡ. ಎಸ್‌ಪಿಎಂ.ಮ್ಯಾಟ್ ತನ್ನೊಳಗೆ ಬೀಟಾ, ಕಾನ್, ಎಸ್‌ಪಿಎಂಟಿ ಫೈಲ್‌ಗಳ ಹೆಸರುಗಳನ್ನು ಬರೆದಿಟ್ಟುಕೊಂಡಿರುತ್ತದೆ. ನೀವು ಎಸ್‌ಪಿಎಂಟಿ_0001 ಅನ್ನು ಪದಚಿತ್ರ ಅಂತ ಬದಲಾಯಿಸಿದರೆ ನಾಳೆ ರಿಸಲ್ಟ್ಸ್ ಒತ್ತಿದಾಗ ಅದು ಹಳೆಯ ಹೆಸರನ್ನೇ ಹುಡುಕಿ ಕೈಚೆಲ್ಲುತ್ತದೆ. ಫೀಟ್ ಕೂಡ ಸ್ಟ್ಯಾಟ್ಸ್ ಫೋಲ್ಡರಿನಲ್ಲಿ ಕೋಪ್1 ಇದ್ದೇ ಇರುತ್ತದೆ ಅಂತ ನಂಬಿ ಮುಂದಿನ ಹಂತಕ್ಕೆ ಹೋಗುತ್ತದೆ. ಅವುಗಳ ಮನೆಯೊಳಗೆ ಅವುಗಳ ರೂಢಿಯೇ ನಡೆಯಲಿ.

ಅರ್ಥವನ್ನು ನೀವು ಎರಡು ಜಾಗದಲ್ಲಿ ಬರೆಯಬಹುದು. ಒಂದು, ಕಾಂಟ್ರಾಸ್ಟಿಗೆ ಕೊಡುವ ಹೆಸರು. ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ನೀವು ಕೊಟ್ಟ ಹೆಸರನ್ನು ಎಸ್‌ಪಿಎಂ ಫೈಲಿನ ಹೆಡರಿನ ವಿವರಣೆಯಲ್ಲಿ ಬರೆಯುತ್ತದೆ. ಫೈಲ್ ಎಲ್ಲಿಗೆ ಹೋದರೂ ಅದು ಜೊತೆಗಿರುತ್ತದೆ. ಆದರೆ ನಿಫ್ಟಿ (ಈ ಚಿತ್ರಗಳ ಫೈಲ್ ಬಗೆ) ಹೆಡರಿನಲ್ಲಿ ಆ ಜಾಗ 80 ಅಕ್ಷರ ಮಾತ್ರ, ಹಾಗಾಗಿ ಚಿಕ್ಕದಾಗಿರಲಿ. ಕಾನ್1, ಟೆಸ್ಟ್ ಅಂತ ಹೆಸರು ಕೊಟ್ಟರೆ ಆ ಜಾಗ ವ್ಯರ್ಥ. ಅಮೆರಿಕದ ಆಫ್ನಿ ಪ್ರೋಗ್ರಾಂ ಈ ವಿಷಯದಲ್ಲಿ ನನಗೆ ಇಷ್ಟ. ಒಂದೇ ಫೈಲಿನಲ್ಲಿ ಹಲವು ಪದರ ಇಟ್ಟು ಪ್ರತಿ ಪದರಕ್ಕೂ ಕಂಡೀಷನ್ನಿನ ಹೆಸರಿನ ಚೀಟಿ ಅಂಟಿಸುತ್ತದೆ.

ಎರಡನೇ ಜಾಗ, ನೀವೇ ಮಾಡುವ ಪ್ರತಿ. ಗುಂಪಿನ ಲೆಕ್ಕಕ್ಕೆ, ಬೇರೆಯವರಿಗೆ ಕಳಿಸುವುದಕ್ಕೆ ಬೇಕಾದ ಫೈಲ್‌ಗಳನ್ನು ಸ್ಕ್ರಿಪ್ಟಿನಿಂದಲೇ ಬೇರೆ ಫೋಲ್ಡರಿಗೆ ನಕಲು ಮಾಡಿ, ಅಲ್ಲಿ ಪೂರ್ತಿ ಹೆಸರು ಕೊಡಿ. ಇದಕ್ಕೆ ಹೊಸ ರೂಢಿ ಹುಟ್ಟುಹಾಕಬೇಕಿಲ್ಲ. ಮಿದುಳಿನ ಡೇಟಾ ಜೋಡಿಸಿಡುವುದಕ್ಕೆ ಬಿಡ್ಸ್ ಅನ್ನುವ ಕಟ್ಟುಪಾಡು 2016ರಲ್ಲಿ ಬಂತು. ಈಗ ಅದನ್ನು ಎಲ್ಲ ಕಡೆ ಬಳಸುತ್ತಾರೆ. ಓಪನ್‌ನ್ಯೂರೋ ಅನ್ನುವ ಮುಕ್ತ ಸಂಗ್ರಹದಲ್ಲಿ ಡೇಟಾ ಹಾಕಬೇಕಾದರೆ ಅದು ಬೇಕೇ ಬೇಕು. ಅದರ ಮಾದರಿಯಲ್ಲಿ ನಿಮ್ಮ ಫೈಲ್ ಹೀಗಿರುತ್ತದೆ: ಸಬ್-07_ಟಾಸ್ಕ್-ಓದು_ಕಾಂಟ್ರಾಸ್ಟ್-ಪದಮೈನಸ್‌ಚಿತ್ರ_ಸ್ಟ್ಯಾಟ್-ಎಫೆಕ್ಟ್_ಸ್ಟ್ಯಾಟ್‌ಮ್ಯಾಪ್. ಅಡ್ಡಗೆರೆ ಗುಣವನ್ನೂ ಬೆಲೆಯನ್ನೂ ಜೋಡಿಸುತ್ತದೆ, ಕೆಳಗೆರೆ ಒಂದು ಜೋಡಿಯನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ. ಹಾಗಾಗಿ ಬೆಲೆಯ ಒಳಗೆ ಈ ಎರಡೂ ಗುರುತು ಬರಬಾರದು. ಪದ-ಚಿತ್ರ ಅಂತ ಬರೆದರೆ ಓದುವ ಪ್ರೋಗ್ರಾಂ ಅಲ್ಲೇ ಎಡವುತ್ತದೆ.

ಮೈನಸ್ ಅನ್ನುವ ಪದವನ್ನು ನಾನು ಬೇಕಂತಲೇ ಬಳಸಿದ್ದೇನೆ. ವರ್ಸಸ್ ಅಂತ ಬರೆದರೆ ಯಾವುದರಿಂದ ಯಾವುದನ್ನು ಕಳೆದದ್ದು ಅಂತ ತಿಳಿಯುವುದಿಲ್ಲ. ಅದು ತಿರುಗಿದರೆ ಕೆಂಪು ನೀಲಿಯಾಗುತ್ತದೆ, ತೀರ್ಮಾನವೇ ಉಲ್ಟಾ. ದೊಡ್ಡದು ಅನ್ನುವ > ಗುರುತನ್ನಂತೂ ಫೈಲ್ ಹೆಸರಿನಲ್ಲಿ ಹಾಕಲೇಬೇಡಿ. ಲಿನಕ್ಸಿನ ಕಮಾಂಡ್ ಸಾಲಿನಲ್ಲಿ ಆ ಗುರುತಿಗೆ ಬಂದದ್ದನ್ನು ಈ ಫೈಲಿಗೆ ಬರೆ ಅನ್ನುವ ಅರ್ಥ ಇದೆ. ಹಳೆಯ ಫೈಲ್ ಮೇಲೆ ಬರೆದುಬಿಡಬಹುದು. ಜಾಗ ಬಿಡುವುದೂ ಬೇಡ, ಕನ್ನಡ ಲಿಪಿಯೂ ಬೇಡ. ಲಿಪಿ ಬೇಡ ಅನ್ನಲು ನನಗೆ ಬೇಸರವಿದೆ. ಆದರೆ ಬಿಡ್ಸ್ ಅಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕೆ ಮಾತ್ರ ಕೇಳುತ್ತದೆ, ಎಷ್ಟೋ ಸ್ಕ್ರಿಪ್ಟ್‌ಗಳು ಬೇರೆ ಅಕ್ಷರ ಕಂಡರೆ ನಿಂತುಬಿಡುತ್ತವೆ. ನಿಮ್ಮ ವಿಂಡೋಸ್ ಯೂಸರ್ ಫೋಲ್ಡರ್ ಕನ್ನಡದಲ್ಲಿದ್ದರೆ ಲೆಕ್ಕದ ಫೋಲ್ಡರನ್ನು ಅದರ ಹೊರಗೆ ಇಟ್ಟುಕೊಳ್ಳಿ.

ಸಬ್-07ರಲ್ಲಿ ಸೊನ್ನೆ ಇದೆ, ನೋಡಿದಿರಾ? ಅದು ಅಂದಕ್ಕೆ ಇಟ್ಟದ್ದಲ್ಲ. ಸೊನ್ನೆ ಇಲ್ಲದಿದ್ದರೆ ಕಂಪ್ಯೂಟರ್ ಹೆಸರುಗಳನ್ನು ಸಬ್-1, ಸಬ್-10, ಸಬ್-11 ಹೀಗೆ ಜೋಡಿಸುತ್ತದೆ. ಸಬ್-2 ಬರುವುದು ಸಬ್-19 ಆದಮೇಲೆ. ಎಫ್‌ಎಸ್‌ಎಲ್‌ಮರ್ಜ್ ಕಮಾಂಡಿಗೆ ನಕ್ಷತ್ರ ಗುರುತು ಕೊಟ್ಟು 32 ಕೋಪ್‌ಗಳನ್ನು ಒಂದು ಫೈಲ್ ಮಾಡಿದಾಗ ಅದು ಈ ಸಾಲಿನಲ್ಲೇ ಕೂರುತ್ತದೆ. ನಿಮ್ಮ ವಯಸ್ಸಿನ ಪಟ್ಟಿ 1, 2, 3 ಅಂತ ಇರುತ್ತದೆ. ಎರಡನೇ ಸಾಲಿನಲ್ಲಿ ಇರುವುದು ಎರಡನೇ ವ್ಯಕ್ತಿಯ ವಯಸ್ಸು, ಪಕ್ಕದಲ್ಲಿ ಕೂತಿರುವುದು ಹತ್ತನೇ ವ್ಯಕ್ತಿಯ ಮಿದುಳು. ಇಲ್ಲೂ ಯಾವ ಪ್ರೋಗ್ರಾಮೂ ತಕರಾರು ತೆಗೆಯುವುದಿಲ್ಲ. ಎಫ್‌ಎಸ್‌ಎಲ್ ತನ್ನ ಕೈಪಿಡಿಯಲ್ಲಿ ಫೈಲ್‌ಗಳ ಅಕ್ಷರ ಸಾಲಿಗೂ ಡಿಸೈನ್ ಸಾಲಿಗೂ ಹೊಂದಾಣಿಕೆ ಇರಲಿ ಅಂತ ಒತ್ತಿ ಹೇಳುವುದು ಇದಕ್ಕೇ. ತಾರೀಕನ್ನು ಹೆಸರಿನಲ್ಲಿ ಹಾಕುವುದಾದರೆ ವರ್ಷ, ತಿಂಗಳು, ದಿನ ಈ ಸಾಲಿನಲ್ಲಿ ಹಾಕಿ. ನಮ್ಮ ರೂಢಿಯ ಹಾಗೆ ದಿನ ಮೊದಲು ಬಂದರೆ ಮಾರ್ಚ್ 5ರ ಫೈಲ್ ಫೆಬ್ರವರಿ 20ರದ್ದಕ್ಕಿಂತ ಮುಂಚೆ ಕೂರುತ್ತದೆ.

ಆಸ್ಪತ್ರೆಯಿಂದ ಬರುವ ಸ್ಕ್ಯಾನ್ ಫೋಲ್ಡರುಗಳಲ್ಲಿ ಜನರ ಹೆಸರೇ ಇರುತ್ತದೆ. ಅದನ್ನು ಮೊದಲ ದಿನವೇ ಅಂಕೆಗೆ ಬದಲಿಸಿ. ಗುಟ್ಟು ಕಾಪಾಡುವುದು ಮೊದಲ ಕಾರಣ. ಫೋಲ್ಡರ್ ಹೆಸರು ಬದಲಿಸಿದರೆ ಡೈಕಾಂ (ಸ್ಕ್ಯಾನರಿನ ಮೂಲ ಫೈಲ್) ಹೆಡರಿನೊಳಗಿನ ಹೆಸರು ಹೋಗುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು. ಎರಡನೇ ಕಾರಣ ನಮ್ಮ ಊರಿನದೇ. ಲಕ್ಷ್ಮಿ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಎಕ್ಸ್ ಹಾಕುತ್ತಾರೆ, ಇನ್ನೊಬ್ಬರು ಕೆಎಸ್‌ಎಚ್ ಹಾಕುತ್ತಾರೆ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಒಬ್ಬರೇ ಇಬ್ಬರಾಗುತ್ತಾರೆ.

ಲೆಕ್ಕಕ್ಕೆ ಮುಂಚಿನ ಹಂತದ ಹೆಸರುಗಳ ಬಗ್ಗೆ ಸ್ವಲ್ಪ. ಎಸ್‌ಪಿಎಂ ಪ್ರತಿ ಹಂತಕ್ಕೂ ಹೆಸರಿನ ಮುಂದೆ ಒಂದು ಅಕ್ಷರ ಸೇರಿಸುತ್ತದೆ. ನಮ್ಮ ಮಾತಿನಲ್ಲಿ ಪ್ರತ್ಯಯ ಹಿಂದೆ ಸೇರುತ್ತದೆ: ಮನೆ, ಮನೆಗಳು, ಮನೆಗಳಿಂದ. ಎಸ್‌ಪಿಎಂನಲ್ಲಿ ತಿರುಗುಮುರುಗು. ಎಸ್, ಡಬ್ಲ್ಯೂ, ಎ, ಆರ್ ಅಂತ ಸಾಲಾಗಿ ಇದ್ದರೆ ಬಲದಿಂದ ಓದಬೇಕು. ಮೊದಲು ಅಲುಗಾಟ ಸರಿಪಡಿಸಿದೆ, ಆಮೇಲೆ ಸ್ಲೈಸ್‌ಗಳ ಸಮಯ, ಆಮೇಲೆ ಎಲ್ಲರ ಮಿದುಳನ್ನೂ ಒಂದೇ ಅಚ್ಚಿಗೆ ಹೊಂದಿಸಿದ್ದು, ಕೊನೆಗೆ ನಯ ಮಾಡಿದ್ದು. ಆದರೆ ಎಸ್ ಅಕ್ಷರ ಎಷ್ಟು ನಯ ಅಂತ ಹೇಳುವುದಿಲ್ಲ. ರೂಢಿಯ 8 ಮಿ.ಮೀ. ಬಿಟ್ಟು 6 ಹಾಕಿ ನೋಡಿದರೆ ಹಳೆಯ ಫೈಲ್ ಮೇಲೆಯೇ ಬರೆಯುತ್ತದೆ. ಬ್ಯಾಚಿನಲ್ಲಿ ಆ ಅಕ್ಷರವನ್ನು ಎಸ್6, ಎಸ್8 ಅಂತ ಬದಲಿಸಿಕೊಳ್ಳಬಹುದು. ಫ್ರೀಸರ್ಫರ್ ಇದನ್ನು ತಾನೇ ಮಾಡುತ್ತದೆ. ಅದರ ಫೈಲ್ ಹೆಸರಿನಲ್ಲೇ ಎಲ್‌ಎಚ್ ಅಂದರೆ ಎಡಭಾಗ, ಥಿಕ್‌ನೆಸ್ ಅಂದರೆ ದಪ್ಪ, ಎಫ್‌ಡಬ್ಲ್ಯೂಎಚ್‌ಎಂ10 ಅಂದರೆ 10 ಮಿ.ಮೀ. ನಯ ಅಂತ ಎಲ್ಲ ಇರುತ್ತದೆ.

ಗೈಡ್ ಹೇಳಿದ ಎಫ್‌ಎಸ್‌ಎಲ್ ದಾರಿಯಲ್ಲಿ ಗುಂಪಿನ ಲೆಕ್ಕಕ್ಕೆ ನೀವು ರ್‍ಯಾಂಡಮೈಸ್ ಬಳಸಿದರೆ ಟಿಎಫ್‌ಸಿಇ_ಕರ್‌ಪಿ_ಟಿಸ್ಟ್ಯಾಟ್1 ಅನ್ನುವ ಫೈಲ್ ಬರುತ್ತದೆ. ಹೆಸರಿನಲ್ಲಿ ಪಿ (ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ದೊಡ್ಡ ಫಲಿತಾಂಶ ಬರುವ ಸಾಧ್ಯತೆ) ಇದೆ, ಒಳಗೆ ಇರುವುದು ಒಂದರಿಂದ ಪಿ ಕಳೆದದ್ದು. 0.95ಕ್ಕಿಂತ ಮೇಲಿನದ್ದು ಬೇಕು, 0.05ಕ್ಕಿಂತ ಕೆಳಗಿನದ್ದಲ್ಲ. ಫ್ರೀಸರ್ಫರಿನ ಸಿಗ್ ಫೈಲಿನಲ್ಲಿ ಇನ್ನೂ ಬೇರೆ: ಪಿಯ ಲಾಗ್ ತೆಗೆದು ಮೈನಸ್ ಮಾಡಿದ್ದು. ಅಲ್ಲಿ 2 ಅಂದರೆ 0.01, 3 ಅಂದರೆ 0.001. ಅದರ ಹೆಸರಿನಲ್ಲಿ ಟಿಎಚ್13 ಅಂತ ಕಂಡರೆ 1.3, ಅಂದರೆ ಹತ್ತಿರಹತ್ತಿರ 0.05ರ ಮಿತಿಯಲ್ಲಿ ಕ್ಲಸ್ಟರ್ (ಅಕ್ಕಪಕ್ಕದ ಬಿಂದುಗಳ ಗುಂಪು) ಮಾಡಿದ್ದು. 2016ರಲ್ಲಿ ಎಕ್ಲಂಡ್, ನಿಕೋಲ್ಸ್, ನುಟ್‌ಸನ್ ಅವರ ಅಧ್ಯಯನ ಬಂದಮೇಲೆ ಇಷ್ಟು ಸಡಿಲ ಮಿತಿಯ ಕ್ಲಸ್ಟರುಗಳನ್ನು ವಿಮರ್ಶಕರು ಸುಲಭಕ್ಕೆ ಬಿಡುವುದಿಲ್ಲ.

ಈಗ ಆ ನಾಲ್ಕು ಜನರ ಕೆಲಸ. ಯಾರು ಯಾವ ರನ್ನಿನಲ್ಲಿ ಅಂತ ಪಟ್ಟಿ ಮಾಡಿ. ಅವರ ಈಗಿನ ಕಾನ್_0001 ಅನ್ನು ಬೇರೆ ಫೋಲ್ಡರಿಗೆ ನಕಲು ಮಾಡಿ ಇಡಿ, ಅಳಿಸಬೇಡಿ. ಹೆಸರು ಹುಡುಕುವ ಸ್ಕ್ರಿಪ್ಟಿನಿಂದ ಕಾಂಟ್ರಾಸ್ಟ್‌ಗಳನ್ನು ಮತ್ತೆ ಬರೆಯಿರಿ, ಹಳೆಯದನ್ನು ಅಳಿಸು ಅನ್ನುವುದಕ್ಕೆ ಹೌದು ಅನ್ನಿ. 32 ಜನರಿಗೂ ಅದೇ ಸ್ಕ್ರಿಪ್ಟ್ ಓಡಲಿ. ಆಮೇಲೆ ಎಸ್‌ಪಿಎಂನ ಇಮ್‌ಕ್ಯಾಲ್ಕ್‌ನಲ್ಲಿ ಹೊಸದರಿಂದ ಹಳೆಯದನ್ನು ಕಳೆಯಿರಿ. ಎರಡನೇ ರನ್ನಿನಲ್ಲಿ ತಪ್ಪು ಮಾಡದವರಲ್ಲಿ ಮಾಸ್ಕಿನ ಒಳಗೆಲ್ಲ ಸೊನ್ನೆ ಬರಬೇಕು. ಮೊದಲ ರನ್ನಿನವರಲ್ಲಿ ಸೊನ್ನೆ ಬರಬಾರದು. ಎರಡೂ ಹೀಗೇ ಬಂದರೆ ಗುಂಪಿನ ಲೆಕ್ಕಕ್ಕೆ ಹೋಗಿ. ಮೊದಲ ರನ್ನಿನವರಲ್ಲೂ ಸೊನ್ನೆಯೇ ಬಂದರೆ, ಒಂದೋ ನೀವು ಮೊದಲಿನಿಂದಲೂ ಸೆಷನ್ನಿಗೆ ಮತ್ತೆ ಹಾಕುವ ಆಯ್ಕೆ ಬಳಸಿದ್ದೀರಿ, ಇಲ್ಲವೇ ಹೊಸ ಕಾಂಟ್ರಾಸ್ಟ್ 0006ರಲ್ಲಿ ಕೂತಿದೆ. ಫೋಲ್ಡರಿನಲ್ಲಿ ಕಾನ್ ಫೈಲ್‌ಗಳು ಎಷ್ಟಿವೆ ಅಂತ ಎಣಿಸಿದರೆ ಯಾವುದು ಅಂತ ಆಗಲೇ ತಿಳಿಯುತ್ತದೆ.